ಯಾರ ಏಟೂ ಸೊನ್ನೆಯಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೇ ಒಂದು ಕಿಟಕಿಗೆ ದೀಪವಿದೆ. ಕೆಳಗೆ ಬ್ರೆಡ್ ಅಂಗಡಿಯವನು ಕಣ್ಣುಜ್ಜಿಕೊಳ್ಳುತ್ತಾ ಷಟರ್ ಎತ್ತುತ್ತಿದ್ದಾನೆ. ಮೇಲೆ, ಐವತ್ತು ದಾಟಿದ ಹೆಂಗಸೊಬ್ಬರು ಚಪ್ಪಲಿ ಕಳಚಿ, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಕಂಪ್ಯೂಟರ್ ಪರದೆಗೆ ಮೂಗು ತಗುಲುವಷ್ಟು ಹತ್ತಿರ ಕೂತಿದ್ದಾರೆ. ಕೊರಳಲ್ಲಿ ನೀಲಿ ದಾರಕ್ಕೆ ಕಟ್ಟಿದ ಪೀಪಿ. ಪಕ್ಕದಲ್ಲಿ ಫ್ಲಾಸ್ಕಿನಿಂದ ಬಗ್ಗಿಸಿದ ಚಹಾ ಆರಿ ಕೆನೆ ಕಟ್ಟಿದೆ.

"ಅಯ್ಯೋ ನಿನ್ನ ಮನೆ ಹಾಳಾಗ! ಇವತ್ತೂ ಸತ್ತ್ಯಾ?" ಎಂದು ಅವರು ಪರದೆಗೇ ಬೈಯುತ್ತಾರೆ.

ಸತ್ತವನು ರಾಕ್ಷಸ. ಕೋಟೆಯ ಕೊನೆಯ ಅಂಗಳದಲ್ಲಿ ಕಬ್ಬಿಣದ ಕವಚ ತೊಟ್ಟು, ಮರದ ದಿಮ್ಮಿಯಂಥ ಗದೆ ಹಿಡಿದು ನಿಂತಿರಬೇಕಾದವನು. ಆಡುವವರು ವಾರಗಟ್ಟಲೆ ಬಲ ಬೆಳೆಸಿಕೊಂಡು ಬಂದು ಅವನನ್ನು ಎದುರಿಸಬೇಕು, ನಾಲ್ಕಾರು ಸಲ ಮಣ್ಣು ಮುಕ್ಕಿ ಆಮೇಲೆ ಗೆಲ್ಲಬೇಕು. ಅದು ಆಟ. ಆದರೆ ಯಾರೋ ಒಬ್ಬರ ಆಟದಲ್ಲಿ ಈ ಮಹಾಶಯ ಗದೆಯನ್ನೂ ಎತ್ತದೆ, ಹೆಬ್ಬಾಗಿಲ ಕಡೆಗೇ ನೋಡುತ್ತಾ ನಿಂತವನು ನಿಂತಂತೆಯೇ ಕುಸಿದು ಬೀಳುತ್ತಿದ್ದಾನೆ. ಒಂದು ಸಲವಾಗಿದ್ದರೆ ಹೋಗಲಿ ಎನ್ನಬಹುದಿತ್ತು. ದಿನಾ ಇದೇ ಪಾಡು. ಆ ಆಟಗಾರನ ವೀರನಿಗೋ ಬೆಕ್ಕನ್ನು ಹೆದರಿಸುವಷ್ಟೂ ಕಸುವಿಲ್ಲ. ವರದಿಯಲ್ಲಿ ‘ಕೊಂದವರು’ ಎಂದಿರುವ ಕಡೆ ಏನೂ ಇಲ್ಲ, ಖಾಲಿ.

ಈ ಖಾಲಿ ಜಾಗವೇ ಪೀಪಿ ಮೇಡಂ ಅವರ ನಿದ್ದೆ ಕೆಡಿಸಿದೆ. ಆಫೀಸಿನಲ್ಲಿ ಅವರನ್ನು ಎಲ್ಲರೂ ಕರೆಯುವುದೇ ಹಾಗೆ. ಕಂಪ್ಯೂಟರ್ ಆಟ ತಯಾರಿಸುವ ಈ ಪುಟ್ಟ ಕಂಪನಿಯಲ್ಲಿ ಅವರ ಕೆಲಸ ಏನೆಂದು ಕೇಳಿದರೆ ಅವರ ಗಂಡನೂ ಒಂದು ಕ್ಷಣ ತಡವರಿಸುತ್ತಾರೆ. "ಏನೋ ಲೆಕ್ಕ ಹಾಕ್ತಾಳೆ. ಅಕೌಂಟೆಂಟ್ ಅಲ್ಲ" ಎನ್ನುತ್ತಾರೆ ರೈಲ್ವೆ ಗಾರ್ಡ್ ಆಗಿರುವ ಆ ಮನುಷ್ಯ. ಅಲ್ಲಿಗೆ ಅವರ ವಿವರಣೆ ಮುಗಿಯುತ್ತದೆ.

ಲೆಕ್ಕ ಎಂದರೆ ಇಷ್ಟು. ಈ ಬಗೆಯ ಆಟದಲ್ಲಿ ನೀವು ಒಬ್ಬ ವೀರನಾಗುತ್ತೀರಿ. ನಿಮ್ಮ ಕೈಗೆ ಒಂದಿಷ್ಟು ಅಂಕ ಕೊಡುತ್ತಾರೆ. ಅದನ್ನು ಬಲಕ್ಕೆ, ಚುರುಕಿಗೆ, ತ್ರಾಣಕ್ಕೆ, ಸ್ನೇಹಕ್ಕೆ ಎಂದು ನಿಮ್ಮಿಷ್ಟದಂತೆ ಹಂಚಿಕೊಳ್ಳಬೇಕು. ಬಲಕ್ಕೆ ಸುರಿದರೆ ಏಟು ಜೋರು, ಸ್ನೇಹಕ್ಕೆ ಸುರಿದರೆ ಜನ, ಪ್ರಾಣಿ ಎಲ್ಲ ನಿಮ್ಮ ಹಿಂದೆ. ತೋಳಕ್ಕೆ ಎಷ್ಟು ಕಸುವಿರಬೇಕು, ಕಳ್ಳನ ಕತ್ತಿ ಎಷ್ಟು ಆಳ ಇಳಿಯಬೇಕು, ಗುಣವಾಗಲು ಎಷ್ಟು ಹೊತ್ತು ಬೇಕು, ಇದೆಲ್ಲವನ್ನೂ ಯಾರೋ ಒಬ್ಬರು ಕೂತು ತೂಗಿ ಇಡಬೇಕಲ್ಲ? ಆ ಯಾರೋ ಒಬ್ಬರು ಇವರು. ಕಂಪ್ಯೂಟರುಗಳು ರಾತ್ರಿಯೆಲ್ಲ ತಮ್ಮತಮ್ಮೊಳಗೇ ಸಾವಿರಾರು ಕಾದಾಟ ನಡೆಸಿರುತ್ತವೆ; ಹೊರಗೆ ಪರೀಕ್ಷೆಗೆಂದು ಆಡುವವರ ವರದಿಗಳೂ ಬಂದು ಬಿದ್ದಿರುತ್ತವೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಯಾರು ಗೆದ್ದರು, ಯಾರು ಸುಮ್ಮನೆ ಸತ್ತರು ಎಂದು ನೋಡುವುದು ಇವರ ದಿನಚರಿ.

"ಚಿತ್ರ ಚೆನ್ನಾಗಿದ್ರೆ ಚಿತ್ರ ಬರೆದೋರನ್ನ ಹೊಗಳ್ತಾರೆ, ಹಾಡು ಚೆನ್ನಾಗಿದ್ರೆ ಹಾಡಿದೋರನ್ನ. ನನ್ನ ಕೆಲಸ ಚೆನ್ನಾಗಾದ್ರೆ ಯಾರಿಗೂ ಗೊತ್ತೇ ಆಗಲ್ಲ. ಕೆಟ್ರೆ ಮಾತ್ರ ಜಗತ್ತಿಗೆಲ್ಲ ಗೊತ್ತಾಗತ್ತೆ" ಎಂದು ನಗುತ್ತಾರೆ ಪೀಪಿ ಮೇಡಂ. ಆದರೆ ಈ ವಾರ ಆ ನಗು ಅರ್ಧಕ್ಕೇ ನಿಂತುಹೋಗುತ್ತದೆ.

ಇವರು ಮೊದಲು ಶಾಲೆಯಲ್ಲಿ ಆಟದ ಟೀಚರ್. ಮೈದಾನದಲ್ಲಿ ಒಂದು ಸಲ ಎಡವಿ ಬಿದ್ದು ಮಂಡಿ ಮುರಿದುಕೊಂಡರು. ಕೂಡಿಸಿದ್ದೇನೋ ಆಯಿತು, ಓಡುವ ಕಾಲು ಮಾತ್ರ ವಾಪಸ್ ಬರಲಿಲ್ಲ. ಶಾಲೆಯವರು ಕುರ್ಚಿ ಹಾಕಿ ಹಾಜರಿ ಕರೆಯುವ ಕೆಲಸ ಕೊಟ್ಟರು. "ಮಕ್ಕಳು ಹೊರಗೆ ಕಿರುಚ್ತಾ ಇದ್ರೆ ನಾನು ಒಳಗೆ ಕೂತು ಒದ್ದಾಡ್ತಿದ್ದೆ" ಎನ್ನುತ್ತಾರೆ. ಅಷ್ಟರಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಹುಡುಕಿಕೊಂಡು ಬಂದಳು. ಹಗ್ಗ ಎಳೆಯುವ ಆಟಕ್ಕೆ ಟೀಚರ್ ಮಕ್ಕಳನ್ನು ಎರಡು ಭಾಗ ಮಾಡಿದರೆಂದರೆ ಹಗ್ಗ ಆ ಕಡೆಗೂ ಹೋಗದೆ ಈ ಕಡೆಗೂ ಬರದೆ ಮಧ್ಯದಲ್ಲೇ ನಡುಗುತ್ತಿದ್ದುದು ಅವಳಿಗೆ ನೆನಪಿತ್ತು. ಅವಳೇ ಈಗ ಈ ಕಂಪನಿಯ ಒಡತಿ. ಆಫೀಸಿಗೆಲ್ಲ ಅವಳು ಬಾಸ್, ಅವಳಿಗೆ ಮಾತ್ರ ಇವರು ಇವತ್ತಿಗೂ ಟೀಚರ್.

ಮೊದಲ ತಿಂಗಳುಗಳು ಕಷ್ಟದವು. ಕೀಬೋರ್ಡಿನಲ್ಲಿ ಒಂದೊಂದು ಅಕ್ಷರಕ್ಕೂ ಕಣ್ಣು ಹಾಯಿಸಿ ಹುಡುಕಬೇಕಿತ್ತು. ಆಟ ಆಡಲು ಕೂತರೆ ವೀರನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿಬಿಡುತ್ತಿದ್ದರು, ಹುಡುಗರು ಕಿಸಕ್ಕನೆ ನಗುತ್ತಿದ್ದರು. ಕೋಡ್ ಬರೆಯುವ ಗಡ್ಡದವನು (ಆಫೀಸಿನಲ್ಲಿ ಅವನ ಹೆಸರೇ ಗಡ್ಡ) ಪಕ್ಕದಲ್ಲಿ ಕೂತು ಒಂದೊಂದೇ ಹೇಳಿಕೊಟ್ಟ. "ಮೇಡಂ ಎಷ್ಟು ಸಲ ಕೇಳಿದ್ರೂ ನಾಚ್ಕೋತಿರ್ಲಿಲ್ಲ, ಅದೇ ಅವರ ದೊಡ್ಡ ಶಕ್ತಿ. ನಂಗೆ ಹೇಳೀ ಹೇಳೀ ಗಂಟಲು ಕಟ್ತಿತ್ತು ಅನ್ನೋದು ಬೇರೆ ವಿಷಯ" ಎಂದು ಅವನು ರೇಗಿಸುತ್ತಾನೆ.

ಈ ಆಟದಲ್ಲಿ ಪೀಪಿ ಮೇಡಂ ಹಟ ಹಿಡಿದು ತಂದ ನಿಯಮ ಒಂದೇ. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ಏಟಿನ ಜೋರಿನಿಂದ ಕವಚದ ಗಟ್ಟಿತನವನ್ನು ಕಳೆದರೆ ಉಳಿಯುವುದು ಗಾಯ. ಬಡಪಾಯಿ ವೀರನ ಏಟು ಐದು, ರಾಕ್ಷಸನ ಕವಚ ನಲವತ್ತು ಎಂದಾದರೆ ಗಾಯ ಸೊನ್ನೆ. ಜೀವಮಾನವಿಡೀ ಹೊಡೆದರೂ ಸೊನ್ನೆಯೇ. ಪೀಪಿ ಮೇಡಂ ಇದನ್ನು ಒಪ್ಪಲಿಲ್ಲ. ತಗುಲಿದ ಏಟು ಯಾರದೇ ಆಗಿರಲಿ, ಕನಿಷ್ಠ ಒಂದಾದರೂ ಆಗಲೇಬೇಕು ಎಂದರು. ಆಟದೊಳಗಿನ ಪ್ರತಿಯೊಂದು ಏಟಿಗೂ ಅನ್ವಯಿಸುವಂತೆ ಅದನ್ನು ಬರೆಸಿದರು.

ಯಾಕಿಷ್ಟು ಹಟ? ಕೇಳಿದರೆ ಅವರು ಪೀಪಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಮನೆ ತುಂಬ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳು, ಎಲ್ಲರಿಗಿಂತ ಕಿರಿಯಳು ಇವರು. ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು, ಆದರೆ ಲೆಕ್ಕಕ್ಕಿಲ್ಲ. "ನಾನು ಸಿಕ್ಕಿಬಿದ್ರೂ ಔಟ್ ಇಲ್ಲ, ನಾನು ಮುಟ್ಟಿದೋರೂ ಔಟ್ ಇಲ್ಲ. ಪಾಪ ಚಿಕ್ಕೋಳು ಬಿಡ್ರೋ ಅನ್ನೋರು. ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಔಟ್ ಅಂತನಾದ್ರೂ ಅನ್ರೋ ಅಂತ ನೆಲಕ್ಕೆ ಬಿದ್ದು ಅಳ್ತಿದ್ದೆ" ಎನ್ನುತ್ತಾರೆ. ಟೀಚರ್ ಆದ ಮೇಲೆ ತಮ್ಮ ಮೈದಾನದಲ್ಲಿ ಯಾವ ಮಗುವಿಗೂ ಹಾಗಾಗಲು ಅವರು ಬಿಡಲಿಲ್ಲ. ಹಗ್ಗದ ತುದಿಯಲ್ಲಿ ಜೋತುಬಿದ್ದ ಪುಟಾಣಿಯ ತೂಕವೂ ಅವರಿಗೆ ತೂಕವೇ.

ಈಗ ನೋಡಿದರೆ ಆ ನಿಯಮಕ್ಕೇ ಕುತ್ತು ಬಂದಿದೆ. ತಿಂಗಳ ಕೊನೆಗೆ ಆಟ ಮಾರುಕಟ್ಟೆಗೆ ಹೋಗಬೇಕು, ಇಲ್ಲಿ ರಾಕ್ಷಸ ಕಾರಣವಿಲ್ಲದೆ ಸಾಯುತ್ತಿದ್ದಾನೆ. "ನಂಗೇನೋ ನಿಮ್ಮ ಆ ‘ಒಂದ’ರ ಮೇಲೇ ಅನುಮಾನ ಮೇಡಂ. ಎಲ್ಲೋ ಸೋರ್ತಾ ಇದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ" ಎಂದು ಗಡ್ಡ ತಲೆ ಕೆರೆದುಕೊಳ್ಳುತ್ತಾನೆ. ಬಾಸ್ ಪಾಪ ಒಳ್ಳೆಯವಳು, ಆದರೆ ಅವಳಿಗೂ ಬೇರೆ ದಾರಿಯಿಲ್ಲ. "ಶುಕ್ರವಾರದ ತನಕ ನೋಡಿ ಟೀಚರ್. ಸಿಗದೆ ಇದ್ರೆ ಆ ನಿಯಮ ತೆಗೆದುಬಿಡೋಣ. ನಂಗೂ ಬೇಜಾರೇ" ಎಂದಿದ್ದಾಳೆ.

ಪೀಪಿ ಮೇಡಂ ಹುಡುಕದ ಜಾಗವಿಲ್ಲ. ವಿಷದ ಹೊಗೆಯೇ? ಇಲ್ಲ. ಗೋಡೆಯಿಂದ ಕಲ್ಲು ಬಿತ್ತೇ? ಇಲ್ಲ. ಆ ಆಟಗಾರ ಯಾರೆಂದು ಕೇಳೋಣವೆಂದರೆ ಪರೀಕ್ಷೆಗೆ ಆಡುವವರ ವರದಿಯಲ್ಲಿ ಹೆಸರಿರುವುದಿಲ್ಲ. ಆಫೀಸಿನ ಪ್ರತಿಯೊಬ್ಬರೂ ಪರಿಚಯದವರಿಗೆ ಹಂಚಿದ ಪ್ರತಿಗಳು ಅವು. ಕಂಪ್ಯೂಟರುಗಳ ಕಾದಾಟದಲ್ಲಾದರೆ ಇದೇ ರಾಕ್ಷಸ ಗಟ್ಟಿಮುಟ್ಟಾಗಿ ನಿಂತು ಎಲ್ಲರನ್ನೂ ಜಜ್ಜುತ್ತಾನೆ. ಒಂದು ಬೆಳಗ್ಗೆ ತಮ್ಮ ನಿಯಮವನ್ನು ತಾವೇ ತೆಗೆದು ನೋಡಿದರು. ಬಡ ವೀರ ಕತ್ತಿ ಬೀಸಿದ, ರಾಕ್ಷಸನ ತಲೆಯ ಮೇಲೆ ಸೊನ್ನೆ ತೇಲಿತು. ಮತ್ತೆ ಬೀಸಿದ, ಮತ್ತೆ ಸೊನ್ನೆ. ಮೂರನೆಯದನ್ನು ನೋಡಲಾಗದೆ ಪರದೆ ಆರಿಸಿದರು. ಅವರಿಗೆ ನಿಜಕ್ಕೂ ಅಳು ಬಂತು.

"ತಲೆ ಕೆಟ್ಟು ಕೆರ ಹಿಡಿದುಹೋಗಿದೆ" ಎಂದು ಅವರೇ ಹೇಳಿಕೊಳ್ಳುತ್ತಾರೆ. ಬಸ್ಸಿನಲ್ಲಿ ರಾಕ್ಷಸನನ್ನೇ ಯೋಚಿಸುತ್ತಾ ಮನೆಯ ಸ್ಟಾಪು ದಾಟಿ ಡಿಪೋದವರೆಗೆ ಹೋಗಿದ್ದಾರೆ. ಇನ್ನೊಂದು ದಿನ ಎಡಗಾಲಿಗೆ ಕಪ್ಪು, ಬಲಗಾಲಿಗೆ ಕಂದು ಚಪ್ಪಲಿ ಹಾಕಿಕೊಂಡು ಬಂದು, ಸಂಜೆ ಗಡ್ಡ ತೋರಿಸಿಕೊಡುವವರೆಗೆ ನೋಡಿಕೊಂಡಿಲ್ಲ. ತಾನೇ ಎಲ್ಲೋ ತಪ್ಪಿದೆನೋ, ಇಷ್ಟು ವರ್ಷ ನಂಬಿದ್ದೇ ತಪ್ಪೋ, ಏನೊಂದೂ ತಿಳಿಯದು.

ಗುರುವಾರ ಸಂಜೆ. ಎರಡು ಕೋಣೆಯ ಮನೆ, ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳ ಸಾಲು. ಗಂಡ ರೈಲಿನ ಮೇಲಿದ್ದಾರೆ. ಟಿವಿ ಮುಂದೆ ಅತ್ತೆ ಕೂತಿದ್ದಾರೆ. ಎಂಬತ್ತರ ಆಸುಪಾಸು, ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸರಸರ ತಂತಿ ಚುಚ್ಚುತ್ತಿದ್ದ ಬೆರಳುಗಳು ಈಗ ಸುಮ್ಮನಿದ್ದಾಗಲೂ ನಡುಗುತ್ತವೆ. ತಟ್ಟೆಯ ಮುಂದೆ ಕೈಕಟ್ಟಿ ಕೂತ ಸೊಸೆಯನ್ನು ಅವರು ಓರೆಗಣ್ಣಲ್ಲಿ ನೋಡುತ್ತಾರೆ.

"ಊಟ ಯಾಕೆ ಮಾಡ್ತಿಲ್ಲ? ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ ಅತ್ತೆ. ಆಟದಲ್ಲಿ ರಾಕ್ಷಸ ಒಬ್ಬ ಸುಮ್‌ಸುಮ್ನೆ ಸಾಯ್ತಿದಾನೆ. ಯಾರು ಕೊಲ್ತಿದಾರೋ ಗೊತ್ತಾಗ್ತಿಲ್ಲ. ನಾಳೆಯೊಳಗೆ ಹೇಳ್ದೆ ಇದ್ರೆ ನನ್ನ ನಿಯಮ ಕಿತ್ತುಹಾಕ್ತಾರೆ."

ಅತ್ತೆ ಟಿವಿಯ ಶಬ್ದ ಕಡಿಮೆ ಮಾಡುತ್ತಾರೆ. ಸೆರಗನ್ನು ಒಮ್ಮೆ ಸರಿ ಮಾಡಿಕೊಳ್ಳುತ್ತಾರೆ.

"ಬೈಯಲ್ಲ ತಾನೆ?"

"ನಿಮಗ್ಯಾಕೆ ಬೈಲಿ ನಾನು?"

"ಅವನನ್ನ ಕೊಂದಿದ್ದು ನನ್ನ ಬಾತುಕೋಳಿಗಳು ಕಣಮ್ಮಾ."

ಪೀಪಿ ಮೇಡಂ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ತಿಂಗಳ ಹಿಂದೆ ಪರೀಕ್ಷೆಯ ಒಂದು ಪ್ರತಿಯನ್ನು ಮನೆಯ ಹಳೆಯ ಕಂಪ್ಯೂಟರಿಗೆ ತಾವೇ ಹಾಕಿಕೊಟ್ಟಿದ್ದರು, ಹೌದು. ನಾನು ದಿನಾ ಏನು ಮಾಡ್ತೀನಿ ಅಂತ ನೋಡಿ ಅತ್ತೆ ಎಂದಿದ್ದರು, ಅದೂ ಹೌದು. ಅತ್ತೆ ಒಂದು ದಿನ ನೋಡಿ ಬೇಸತ್ತು ಟಿವಿಗೆ ಮರಳಿರಬೇಕು ಅಂದುಕೊಂಡು ಆ ಮಾತನ್ನೇ ಮರೆತಿದ್ದರು. ಸಂಜೆ ಬಂದಾಗಲೆಲ್ಲ ಟಿವಿ ಓಡುತ್ತಿರುತ್ತಿತ್ತಲ್ಲ!

"ನನ್ನ ಕೈ ನಡುಗತ್ತೆ, ಕತ್ತಿ ಗಿತ್ತಿ ನಂಗೆ ಆಗಲ್ಲ. ಅಂಕ ಎಲ್ಲಾ ಸ್ನೇಹಕ್ಕೆ ಹಾಕ್ದೆ. ಕೆರೆ ಹತ್ರ ಬಾತುಕೋಳಿಗೆ ಕಾಳು ಹಾಕಿದ್ರೆ ಹಿಂದೇನೇ ಬರ್ತವೆ, ಎಷ್ಟು ಮುದ್ದು ಗೊತ್ತಾ! ಊರಿನ ಕೆರೆಗಳನ್ನೆಲ್ಲ ಸುತ್ತಿ ಎಲ್ಲವನ್ನೂ ಸೇರಿಸ್ದೆ. ಕೋಟೆ ತೋರಿಸೋಣ ಅಂತ ಕರ್ಕೊಂಡು ಹೋದೆ. ಆ ದಡಿಯ ದಾರಿಗೆ ಅಡ್ಡ ನಿಂತಿದ್ದ. ಇವು ಕುಕ್ಕಿದವು."

"ಮತ್ತೆ ನನಗೆ ಹೇಳ್ಬಾರ್ದಾ ಅತ್ತೆ?"

"ಹೆಂಗೆ ಹೇಳ್ಲಿ? ನೀನು ಕಾಲುನೋವಲ್ಲೂ ಬೆಳ್‌ಬೆಳಗ್ಗೆ ಎದ್ದು ಹೋಗಿ ಕಷ್ಟಪಟ್ಟು ಮಾಡಿದ ರಾಕ್ಷಸ. ಬದುಕಿಸೋಣ ಅಂತ ದಿನಾ ಹಿಂದಿಂದ ಮತ್ತೆ ಶುರು ಮಾಡ್ತೀನಿ. ಈ ಹಾಳಾದವು ದಿನಾ ಕೊಂದುಬಿಡ್ತವೆ." ಹೇಳುವಾಗ ಅತ್ತೆಯ ಕಣ್ಣು ತುಂಬಿಕೊಳ್ಳುತ್ತದೆ. ಸೊಸೆಗೆ ನಗು ತಡೆಯಲಾಗುವುದಿಲ್ಲ. ನಕ್ಕು ನಕ್ಕು ಅವರು ನೋಯುವ ಮಂಡಿಯನ್ನು ಹಿಡಿದುಕೊಳ್ಳುತ್ತಾರೆ, ಏನು ತಮಾಷೆ ಎಂದು ತಿಳಿಯದೆ ಅತ್ತೆ ಸೊಸೆಯ ಮುಖ ನೋಡುತ್ತಾರೆ.

ಶುಕ್ರವಾರ ಬೆಳಗಿನ ಜಾವಕ್ಕೆ ಗಡ್ಡನನ್ನೂ ಎಬ್ಬಿಸಿ ಕರೆಸಿದ್ದಾರೆ. ಅವನು ಆಕಳಿಸುತ್ತಾ ಬಾತುಕೋಳಿಯ ಅಂಕಿಗಳನ್ನು ತೆರೆಯುತ್ತಾನೆ, ಆಕಳಿಕೆ ಅಲ್ಲೇ ನಿಲ್ಲುತ್ತದೆ. ಚಿತ್ರ ಬಿಡಿಸುವ ಹುಡುಗಿ ಬಾತುಕೋಳಿ ಕುಕ್ಕುವುದನ್ನು ಚೆಂದಕ್ಕೆಂದು ಬರೆದಿದ್ದಳು. ಕುಕ್ಕಿದರೆ ಅದೂ ಒಂದು ಏಟೇ, ಅದಕ್ಕೊಂದು ಅಂಕಿ ಬೇಕೇ ಬೇಕೆಂದು ಕಂಪ್ಯೂಟರ್ ಕೇಳಿತ್ತು. ಪಾಪದ ಹಕ್ಕಿ, ಯಾರಿಗೇನು ಮಾಡೀತು ಎಂದು ಸೊನ್ನೆ ಕೊಟ್ಟವರು ಸ್ವತಃ ಪೀಪಿ ಮೇಡಂ. ಆಮೇಲೆ ಅವರದೇ ನಿಯಮ ಆ ಸೊನ್ನೆಯನ್ನು ಸದ್ದಿಲ್ಲದೆ ಒಂದು ಮಾಡಿದೆ. ಒಂದು ಬಾತುಕೋಳಿಯಿಂದ ಏನೂ ಆಗದು. ಊರಿನ ಕೆರೆಗಳ ಅಷ್ಟೂ ಬಾತುಕೋಳಿಗಳು ಸೇರಿ ಕುಕ್ಕಿದರೆ ಯಾವ ರಾಕ್ಷಸ ತಾನೇ ಉಳಿದಾನು? ಹಕ್ಕಿಗಳನ್ನು ಕಾದಾಡುವವರ ಗುಂಪಿಗೆ ಸೇರಿಸಿರಲಿಲ್ಲವಾದ್ದರಿಂದ ವರದಿಯಲ್ಲಿ ಕೊಂದವರ ಜಾಗ ಖಾಲಿ.

"ಅದು ಸರಿ ಗಡ್ಡ, ಆದ್ರೆ ಅವನು ಯಾಕೆ ಸುಮ್ನೆ ನಿಂತಿದ್ದ? ಗದೆ ಎತ್ಬಹುದಿತ್ತಲ್ಲ?"

"ಅವನ ಕಣ್ಣಿಗೆ ಬೀಳೋದು ಏಟಿನ ಅಂಕಿ ಇರೋರು ಮಾತ್ರ ಮೇಡಂ. ಸೊನ್ನೆ ಇರೋರನ್ನ ನೋಡೋದೇ ಇಲ್ಲ. ನಿಮ್ಮ ಅತ್ತೆಯ ವೀರಂದೂ ಸೊನ್ನೆ, ಅಂಕ ಎಲ್ಲಾ ಸ್ನೇಹಕ್ಕೆ ಹೋಗಿದೆ. ನಾನೇ ಹಂಗೆ ಬರೆದಿದ್ದೆ. ಇಲ್ದಿದ್ರೆ ಚಿಟ್ಟೆ ಹಾರಿದ್ರೂ ತಿರುಗ್ತಾನೆ."

ಮೀಟಿಂಗಿನಲ್ಲಿ ಬಾಸ್ ಮೊದಲು ಬಿದ್ದು ಬಿದ್ದು ನಗುತ್ತಾಳೆ. ಆಮೇಲೆ ಮುಖ ಗಂಭೀರವಾಗುತ್ತದೆ. "ಆದ್ರೂ ಟೀಚರ್, ವಾರಗಟ್ಟಲೆ ಬಲ ಬೆಳೆಸಿ ಬಂದೋನಿಗೆ ಇದು ಮೋಸ ಅಲ್ವಾ? ನಿಮ್ಮ ನಿಯಮ ತೆಗೆದ್ರೆ ಒಂದೇ ನಿಮಿಷದಲ್ಲಿ ಸರಿಹೋಗತ್ತೆ."

ಪೀಪಿ ಮೇಡಂಗೂ ಅದು ಗೊತ್ತು. ಅವಳು ಹೇಳುವುದು ನ್ಯಾಯವೇ. ನಿಯಮ ಉಳಿಸಿದರೆ ರಾಕ್ಷಸನಿಗೆ ಅನ್ಯಾಯ, ತೆಗೆದರೆ ಅತ್ತೆಯಂಥವರಿಗೆ. ಹಗ್ಗ ಮಧ್ಯದಲ್ಲೇ ನಡುಗುತ್ತಿದೆ, ಈ ಸಲ ಎರಡೂ ತುದಿ ಇವರ ಕೈಯಲ್ಲೇ. ಹೂಂ ಎಂದುಬಿಡೋಣ ಎಂದು ಬಾಯಿ ತೆರೆಯುತ್ತಾರೆ ಕೂಡ. ಅಷ್ಟರಲ್ಲಿ ಬಾಗಿಲನ್ನೇ ನೋಡುತ್ತಾ ಕುಸಿಯುವ ಆ ರಾಕ್ಷಸ ಕಣ್ಣ ಮುಂದೆ ಬರುತ್ತಾನೆ. ಮೈತುಂಬ ಕುಕ್ಕಿಸಿಕೊಂಡೂ ತಿರುಗಿ ನೋಡದವನು. ಅಂಥವರನ್ನು ಅವರು ಬಲ್ಲರು. ಪಾಪ ಚಿಕ್ಕೋಳು ಬಿಡ್ರೋ ಎನ್ನುತ್ತಿದ್ದವರೂ ತಿರುಗಿ ನೋಡುತ್ತಿರಲಿಲ್ಲ.

ಮೇಜಿನ ಸುತ್ತ ಕೂತವರೆಲ್ಲ ಬೆಚ್ಚಿಬೀಳುವಂತೆ ಪೀಪಿ ಊದುತ್ತಾರೆ.

"ತಪ್ಪು ಬಾತುಕೋಳೀದಲ್ಲ. ನನ್ನ ನಿಯಮದ್ದೂ ಅಲ್ಲ, ಅದು ಅರ್ಧ ಆಗಿದೆ ಅಷ್ಟೇ. ಏಟು ಲೆಕ್ಕಕ್ಕೆ ಬಂದ್ರೆ ಹೊಡೆದೋರೂ ಲೆಕ್ಕಕ್ಕೆ ಬರ್ಬೇಕು. ಯಾರು ಮುಟ್ಟಿದ್ರೂ ಅವನು ತಿರುಗಿ ನೋಡ್ಲೇಬೇಕು. ನೋಡಿ, ಹೊಡೀಲಿ. ಆಮೇಲೆ ಗೆದ್ದೋರು ಗೆದ್ದಂಗೆ."

ಬಾಸ್ ಗಡ್ಡನ ಮುಖ ನೋಡುತ್ತಾಳೆ. ಗಡ್ಡ ತನ್ನ ಗಡ್ಡ ನೀವಿಕೊಳ್ಳುತ್ತಾನೆ. "ಸಂಜೆಯೊಳಗೆ ಮಾಡ್ಬಹುದು. ಚಿಟ್ಟೆ ಮುಟ್ಟಲ್ಲ, ಹಾಗಾಗಿ ಚಿಟ್ಟೆ ತೊಂದರೆ ಇಲ್ಲ" ಎನ್ನುತ್ತಾನೆ. ರಾಕ್ಷಸ ಕಾಲು ಅಪ್ಪಳಿಸಿದರೆ ಬಾತುಕೋಳಿಗಳು ಸಾಯಬಾರದು, ಚದುರಿ ಕೆರೆಗೆ ಓಡಬೇಕು ಎಂದು ಚಿತ್ರದ ಹುಡುಗಿ ಷರತ್ತು ಹಾಕುತ್ತಾಳೆ. ಗೆಲ್ಲಬೇಕೆಂದರೆ ಮತ್ತೆ ಕಾಳು ಹಾಕಿ, ಮತ್ತೆ ಕೂಡಿಸಿ, ಮತ್ತೆ ಬರಬೇಕು. ಕತ್ತಿ ಹಿಡಿದವನಷ್ಟೇ ಬೆವರು ಕಾಳು ಹಿಡಿದವಳಿಗೂ ಬರುತ್ತದೆ. ಬಾಸ್ ಒಪ್ಪುತ್ತಾಳೆ, ನಿಯಮ ಉಳಿಯುತ್ತದೆ.

ಆಟ ಮುಗಿದ ಮೇಲೆ ಪರದೆಯಲ್ಲಿ ಸಾಲಾಗಿ ಹೆಸರುಗಳು ಬರುತ್ತವಲ್ಲ, ಅದರಲ್ಲಿ ನಿಮ್ಮದು ಮೇಲೆ ಬರಬೇಕೆಂಬ ಆಸೆಯಿಲ್ಲವೇ ಎಂದು ಕೇಳಿದರೆ ಪೀಪಿ ಮೇಡಂ ಮುಖ ಕಿವುಚುತ್ತಾರೆ. "ಅಷ್ಟೊತ್ತಿಗೆ ಎಲ್ರೂ ಎದ್ದು ಹೋಗಿರ್ತಾರೆ ಬಿಡಿ. ಯಾವುದೋ ಮನೇಲಿ ಯಾವುದೋ ಮಗು ಮೊದಲ ಏಟು ಹೊಡೆದಾಗ ‘ಒಂದು’ ಅಂತ ಬರತ್ತಲ್ಲ, ಆಗ ಅದರ ಮುಖ ನೋಡ್ಬೇಕು ಅಂತ ಆಸೆ. ಅದೂ ಆಗೋ ಮಾತಲ್ಲ" ಎನ್ನುತ್ತಾರೆ.

ಮಗುವಿನ ಮುಖ ಸಿಗದಿದ್ದರೂ ಭಾನುವಾರ ಬೆಳಗ್ಗೆ ಅತ್ತೆಯ ಮುಖ ಸಿಗುತ್ತದೆ. ಹೊಸ ಪ್ರತಿ ಹಾಕಿದ್ದಾಗಿದೆ. ಏನು ಬದಲಾಗಿದೆ ಎಂದು ಸೊಸೆ ಹೇಳಿಲ್ಲ. ಬಾತುಕೋಳಿಗಳ ದಂಡು ಕಟ್ಟಿಕೊಂಡು ಅತ್ತೆ ಕೋಟೆಯ ಅಂಗಳಕ್ಕೆ ಕಾಲಿಡುತ್ತಾರೆ. ಮೊದಲ ಬಾತುಕೋಳಿ ಕುಕ್ಕುತ್ತದೆ. ರಾಕ್ಷಸನ ತಲೆಯ ಮೇಲೆ ಪುಟ್ಟದಾಗಿ ‘ಒಂದು’ ತೇಲುತ್ತದೆ. ಅವನ ಕತ್ತು ಮೆಲ್ಲಗೆ ತಿರುಗುತ್ತದೆ. ಕಾಲು ಅಪ್ಪಳಿಸುತ್ತಾನೆ, ಬಾತುಕೋಳಿಗಳು ಕ್ವಾಕ್ ಕ್ವಾಕ್ ಎಂದು ದಿಕ್ಕಾಪಾಲಾಗುತ್ತವೆ. ಗದೆ ಬೀಸುತ್ತಾನೆ, ಅತ್ತೆಯ ವೀರ ಅಂಗಾತ ಬೀಳುತ್ತಾನೆ. ಪರದೆ ಕಪ್ಪಾಗುತ್ತದೆ.

ಸೊಸೆ ಕುರ್ಚಿಯ ಹಿಂದೆ ನಿಂತಿದ್ದಾರೆ. ಅತ್ತೆಗೆ ಬೇಜಾರಾಯಿತೋ, ಇನ್ನು ಇದನ್ನು ಮುಟ್ಟುವುದಿಲ್ಲವೋ, ಏನೂ ಅರ್ಥವಾಗುತ್ತಿಲ್ಲ. ಅತ್ತೆಯ ಕೈ ಇನ್ನೂ ಮೌಸಿನ ಮೇಲೇ ಇದೆ.

"ನೋಡ್ದ ಕಣೇ!" ಎಂದು ಅತ್ತೆ ಕುರ್ಚಿಯಲ್ಲೇ ಹೊರಳುತ್ತಾರೆ. "ಇಷ್ಟು ದಿನ ಬಾಗಿಲನ್ನೇ ನೋಡ್ತಾ ನಿಂತಿರ್ತಿದ್ದ, ಮುಸುಡಿ ತಿರುಗಿಸ್ತಿರ್ಲಿಲ್ಲ. ಇವತ್ತು ನನ್ನನ್ನೇ ನೋಡ್ದ! ನೋಡಿ ಹೊಡ್ದ!"

ಪೀಪಿ ಮೇಡಂ ಕೊರಳ ಪೀಪಿಯನ್ನು ಬಾಯಿಗಿಟ್ಟು, ಪಕ್ಕದ ಮನೆಯವರಿಗೂ ಕೇಳುವಂತೆ ಊದುತ್ತಾರೆ.

"ಅತ್ತೆ, ಔಟ್!"

"ಹೌದಮ್ಮಾ, ಔಟು" ಎನ್ನುತ್ತಾ ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಮತ್ತೆ ಮೊದಲ ಕೆರೆಯ ಕಡೆಗೆ ನಡೆಯುತ್ತಾರೆ.